ಗಸ್ತು ಹಡಗಿನ ಅಂಕಿಗಳನ್ನು ಓದುವುದು ಹೇಗೆ: ಐಎನ್‌ಎಸ್ ಸುನಯನ ಎದುರಿಗಿಟ್ಟುಕೊಂಡು

ಪ್ರಶ್ನೆ: 2025ರ ಏಪ್ರಿಲ್‌ನಲ್ಲಿ ಕಾರವಾರದಿಂದ ಐಎನ್‌ಎಸ್ ಸುನಯನ ಆಫ್ರಿಕಾದ ಕಡೆ ಹೊರಟ ಸುದ್ದಿ ಓದಿದಾಗಿನಿಂದ ಮನೆಯಲ್ಲಿ ಅದೇ ಮಾತು. ಮಗಳು ಎನ್‌ಸಿಸಿ ನೌಕಾ ವಿಭಾಗದಲ್ಲಿದ್ದಾಳೆ, ಅವಳು ಕೇಳುವುದಕ್ಕೆ ನನ್ನಲ್ಲಿ ಉತ್ತರವಿಲ್ಲ. ತೂಕ ಒಂದು ಕಡೆ 2,230 ಟನ್, ಇನ್ನೊಂದು ಕಡೆ 2,300 ಟನ್ ಎಂದಿದೆ. ವೇಗ 25 ನಾಟ್, ವ್ಯಾಪ್ತಿ 6,000 ನಾಟಿಕಲ್ ಮೈಲಿ ಎಂದರೆ ಅದೇ ವೇಗದಲ್ಲಿ ಅಷ್ಟು ದೂರ ಹೋಗುತ್ತದೆಯೇ? ಇಷ್ಟು ದೊಡ್ಡ ಹಡಗಿಗೆ ಒಂದು ಕ್ಷಿಪಣಿಯೂ ಇಲ್ಲವೇಕೆ? ಹಡಗು ತೋರಿಸುವ ಆ್ಯಪ್‌ನಲ್ಲಿ ಅದು ಹತ್ತು ದಿನ ಕೊಚ್ಚಿಯಲ್ಲೇ ನಿಂತಿತ್ತು, ಸುದ್ದಿಯಲ್ಲಿ ನೋಡಿದರೆ ತಾಂಜಾನಿಯಾದಲ್ಲಿತ್ತು. ಯಾವುದನ್ನು ನಂಬಬೇಕು?
– ಓದುಗರೊಬ್ಬರು, ಜಾಲಹಳ್ಳಿ, ಬೆಂಗಳೂರು

ಉತ್ತರ: ಗಸ್ತು ಹಡಗಿನ ವಿವರದ ಪಟ್ಟಿ ಕೈಗೆ ಸಿಕ್ಕಾಗ ಎಲ್ಲರ ಕಣ್ಣು ಮೊದಲು ತೋಪಿನ ಸಾಲಿಗೆ ಹೋಗುತ್ತದೆ. ಮಗಳಿಗೆ ವ್ಯಾಪ್ತಿಯ ಸಾಲಿನಿಂದ ಶುರುಮಾಡಲು ಹೇಳಿ. ಬಂದರಿಗೆ ಮರಳದೆ ದಿನಗಟ್ಟಲೆ ಕಡಲಲ್ಲಿ ಇರುವುದೇ ಈ ಹಡಗಿನ ಕಸುಬು. ತೂಕ, ಎಂಜಿನ್, ವೇಗ, ಕೊನೆಗೆ ಆಯುಧ ಕೂಡ ಆ ಒಂದು ಲೆಕ್ಕಕ್ಕೆ ಹೊಂದಿಸಿದವು. ಒಂದು ಸಾಲನ್ನು ಬಿಡಿಯಾಗಿ ಓದಿದರೆ ನಿಮಗಾದ ಗೊಂದಲವೇ ಆಗುತ್ತದೆ.

ಸುನಯನ ಸರಯೂ ವರ್ಗದ ಎರಡನೆಯ ಹಡಗು. ಗೋವಾದ ವಾಸ್ಕೊದಲ್ಲಿರುವ ಗೋವಾ ಶಿಪ್‌ಯಾರ್ಡ್ ಈ ವರ್ಗದ ನಾಲ್ಕನ್ನು ಕಟ್ಟಿತು. ಸರಯೂ 2013ರ ಜನವರಿಯಲ್ಲಿ, ಸುನಯನ ಅದೇ ವರ್ಷದ ಅಕ್ಟೋಬರ್‌ನಲ್ಲಿ, ಸುಮೇಧಾ 2014ರ ಮಾರ್ಚ್‌ನಲ್ಲಿ, ಸುಮಿತ್ರಾ 2014ರ ಸೆಪ್ಟೆಂಬರ್‌ನಲ್ಲಿ ನೌಕಾಪಡೆ ಸೇರಿದವು. ಒಡಲಿನ ಮೇಲೆ ಬರೆದಿರುವ ಸಂಖ್ಯೆಗಳು ಇದೇ ಕ್ರಮದಲ್ಲಿ ಪಿ54, ಪಿ57, ಪಿ58, ಪಿ59. ಸುನಯನ ಕೊಚ್ಚಿಯ ದಕ್ಷಿಣ ನೌಕಾ ಕಮಾಂಡಿಗೆ ಸೇರಿದ್ದು. ಉದ್ದ 105 ಮೀಟರ್, ಅಂದರೆ ನಮ್ಮ ಮೆಟ್ರೊದ ಐದು ಬೋಗಿ ಜೋಡಿಸಿದಷ್ಟು. ಅಗಲ ಸುಮಾರು 13 ಮೀಟರ್. ಫ್ರೆಂಚ್ ಮೂಲದ ಎರಡು ಪೀಲ್‌ಸ್ಟಿಕ್ ಡೀಸೆಲ್ ಎಂಜಿನ್‌ಗಳು, ಒಂದೊಂದಕ್ಕೆ 20 ಸಿಲಿಂಡರ್, ಒಂದೊಂದರ ಶಕ್ತಿ ಸುಮಾರು 7,700 ಕಿಲೋವ್ಯಾಟ್. ಅಧಿಕಾರಿಗಳೂ ನಾವಿಕರೂ ಸೇರಿ 116ರ ಆಸುಪಾಸು ಜನ.

ಹೆಸರುಗಳ ಬಗ್ಗೆ ಇಲ್ಲೇ ಒಂದು ಎಚ್ಚರಿಕೆ. ಇದಕ್ಕಿಂತ ಹಳೆಯ ಸುಕನ್ಯಾ ವರ್ಗದಲ್ಲಿ ಸುಭದ್ರಾ, ಸುವರ್ಣಾ, ಸುಜಾತಾ, ಶಾರದಾ, ಸಾವಿತ್ರಿ ಇವೆ. ಅವೂ ನೂರು ಮೀಟರ್ ಆಸುಪಾಸಿನ ಗಸ್ತು ಹಡಗುಗಳೇ. ಸುದ್ದಿಗಳಲ್ಲಿ ಸುಭದ್ರಾ ಮತ್ತು ಸುಮಿತ್ರಾ ಅದಲುಬದಲಾಗುವುದು ಸಾಮಾನ್ಯ. ಹೆಸರಿಗಿಂತ ಫೋಟೋದಲ್ಲಿ ಕಾಣುವ ಸಂಖ್ಯೆಯನ್ನು ನಂಬಿ. ಅದೇ ಶಿಪ್‌ಯಾರ್ಡ್ ಕೋಸ್ಟ್ ಗಾರ್ಡಿಗೂ 105 ಮೀಟರ್ ಹಡಗುಗಳನ್ನು ಕಟ್ಟಿದೆ, ಆಕಾರವೂ ಹತ್ತಿರದ್ದು. ಆದರೆ ಅವು ಬಿಳಿ, ಪಕ್ಕದಲ್ಲಿ ಓರೆ ಪಟ್ಟೆ. ನೌಕಾಪಡೆಯದು ಬೂದು ಬಣ್ಣ.

ಈಗ ತೂಕ. ಹಡಗನ್ನು ತಕ್ಕಡಿಗೆ ಹಾಕುವುದಿಲ್ಲ. ಅದು ಪಕ್ಕಕ್ಕೆ ಸರಿಸಿದ ನೀರಿನ ತೂಕವೇ ಅದರ ತೂಕ. ಬರಿಯ ಒಡಲು ಮತ್ತು ಯಂತ್ರಗಳ ತೂಕ ಒಂದು, ಪೂರ್ತಿ ಇಂಧನ, ನೀರು, ಆಹಾರ, ಮದ್ದುಗುಂಡು, ಹೆಲಿಕಾಪ್ಟರ್ ಎಲ್ಲ ಸೇರಿದ ತೂಕ ಇನ್ನೊಂದು. ಪಟ್ಟಿ ಮಾಡಿದವರು ಯಾವುದನ್ನು ಬರೆದರು ಎಂಬುದರ ಮೇಲೆ ಅಂಕಿ ಬದಲಾಗುತ್ತದೆ. ಕೆಳಗೆ ಮಾಡುವ ಅಂದಾಜಿನಂತೆ ಹದವಾದ ವೇಗದಲ್ಲಿ ಈ ಹಡಗು ದಿನಕ್ಕೆ 20 ಟನ್ ಹತ್ತಿರ ಡೀಸೆಲ್ ಉರಿಸುತ್ತದೆ. ಹಾಗಾಗಿ ನೀವು ಕಂಡ 70 ಟನ್ ವ್ಯತ್ಯಾಸ ಮೂರೂವರೆ ದಿನದ ಪಯಣದಲ್ಲೇ ಕರಗಿಹೋಗುವಂಥದ್ದು. ಎರಡು ಅಂಕಿಯೂ ಸುಳ್ಳಲ್ಲ. ಹಡಗಿನವರಿಗೆ ನಿಜವಾದ ತಲೆಬಿಸಿ ಬೇರೆ: ಟ್ಯಾಂಕುಗಳು ತಳದಲ್ಲಿವೆ, ಅವು ಖಾಲಿಯಾದಂತೆ ಹಡಗಿನ ಭಾರದ ಕೇಂದ್ರ ಮೇಲಕ್ಕೇರುತ್ತದೆ, ಓಲಾಟದಿಂದ ಚೇತರಿಸಿಕೊಳ್ಳುವ ಬಲ ಕುಗ್ಗುತ್ತದೆ. ಅದಕ್ಕಾಗಿ ಪ್ರತಿದಿನ ಯಾವ ಟ್ಯಾಂಕಿನಿಂದ ಎಷ್ಟು ತೆಗೆಯಬೇಕು, ಎಲ್ಲಿ ಕಡಲ ನೀರು ತುಂಬಿ ಭಾರ ಸರಿದೂಗಿಸಬೇಕು ಎಂದು ಲೆಕ್ಕ ಇಡುತ್ತಾರೆ.

ನಿಮ್ಮ ಮುಖ್ಯ ಪ್ರಶ್ನೆ ವೇಗ ಮತ್ತು ವ್ಯಾಪ್ತಿಯದು. ಒಂದು ನಾಟಿಕಲ್ ಮೈಲಿ ಎಂದರೆ 1.852 ಕಿ.ಮೀ., ಗಂಟೆಗೆ ಅಷ್ಟು ಹೋದರೆ ಒಂದು ನಾಟ್. 25 ನಾಟ್ ಎಂದರೆ ಗಂಟೆಗೆ 46 ಕಿ.ಮೀ. ಆದರೆ 6,000 ನಾಟಿಕಲ್ ಮೈಲಿಯ ಪಕ್ಕದಲ್ಲಿ ಬಹಳಷ್ಟು ಪಟ್ಟಿಗಳು ಬಿಟ್ಟುಬಿಡುವ ಮೂರು ಪದ ಇದೆ: ‘16 ನಾಟ್ ವೇಗದಲ್ಲಿ’. ಗಂಟೆಗೆ 30 ಕಿ.ಮೀ.ಗೂ ಕಡಿಮೆ. ಆ ವೇಗದಲ್ಲಿ 6,000 ಮೈಲಿ ಸಾಗಲು 375 ಗಂಟೆ, ಹದಿನೈದೂವರೆ ದಿನ ಬೇಕು. ವೇಗ ಯಾವುದೆಂದು ಹೇಳದ ವ್ಯಾಪ್ತಿಯ ಅಂಕಿಗೆ ಅರ್ಥವೇ ಇಲ್ಲ, ಅಂಥದ್ದನ್ನು ಕಂಡರೆ ಆ ಪಟ್ಟಿಯನ್ನೇ ಅನುಮಾನಿಸಿ.

25 ನಾಟ್‌ನಲ್ಲಿ ಹೋದರೆ? ನೀರಿನಲ್ಲಿ ಸಾಗುವ ಹಡಗಿಗೆ ಬೇಕಾಗುವ ಶಕ್ತಿ ಸ್ಥೂಲವಾಗಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. 16ರಿಂದ 25ಕ್ಕೆ ವೇಗ 1.56 ಪಟ್ಟು, ಗಂಟೆಗೆ ಉರಿಯುವ ಇಂಧನ ಸುಮಾರು 3.8 ಪಟ್ಟು. ದೂರವೂ ಬೇಗ ಮುಗಿಯುತ್ತದೆಯಾದ್ದರಿಂದ ಮೈಲಿಗೆ ಉರಿಯುವುದು 2.4 ಪಟ್ಟು. ಹಾಗಾದರೆ 6,000 ಮೈಲಿಯ ವ್ಯಾಪ್ತಿ 2,400–2,500ಕ್ಕೆ ಇಳಿಯುತ್ತದೆ, ನಾಲ್ಕೇ ದಿನದಲ್ಲಿ ಟ್ಯಾಂಕ್ ತಳ ಕಾಣುತ್ತದೆ. ಇದನ್ನೇ ಟನ್ನಿನಲ್ಲಿ ನೋಡಿ. ಈ ಬಗೆಯ ಡೀಸೆಲ್ ಎಂಜಿನ್ ಒಂದು ಕಿಲೋವ್ಯಾಟ್-ಗಂಟೆಗೆ ಸುಮಾರು 200 ಗ್ರಾಂ ಇಂಧನ ಬೇಡುತ್ತದೆ. ಎರಡೂ ಎಂಜಿನ್ ಪೂರ್ತಿ ಶಕ್ತಿಯಲ್ಲಿ 15,400 ಕಿಲೋವ್ಯಾಟ್, ಅಂದರೆ ಗಂಟೆಗೆ ಮೂರು ಟನ್ ಚಿಲ್ಲರೆ, ದಿನಕ್ಕೆ 74 ಟನ್. 16 ನಾಟ್‌ನಲ್ಲಿ ಗಂಟೆಗೆ 0.8 ಟನ್, ದಿನಕ್ಕೆ 19–20 ಟನ್. ಹದಿನೈದೂವರೆ ದಿನಕ್ಕೆ 300 ಟನ್ ಆಯಿತು. ವಿದ್ಯುತ್, ಎಸಿ, ರೇಡಾರ್, ಕುಡಿಯುವ ನೀರು ಮಾಡುವ ಘಟಕಕ್ಕೆಂದು ಓಡುವ ಜನರೇಟರ್‌ಗಳ ಖರ್ಚು ಇದರ ಮೇಲೆ. ಇವು ಅಧಿಕೃತ ಅಂಕಿಗಳಲ್ಲ, ಎಂಜಿನ್ ಶಕ್ತಿಯಿಂದ ಹಿಡಿದ ಅಂದಾಜು. ಆದರೆ ಪಟ್ಟಿಯ ಉಳಿದ ಸಾಲುಗಳ ಜೊತೆ ತಾಳೆಯಾಗುತ್ತದೆ, ಅದೇ ಮುಖ್ಯ.

ಗರಿಷ್ಠ ವೇಗ 25ಕ್ಕೇ ಏಕೆ ನಿಂತಿತು ಎಂಬುದಕ್ಕೆ ಬಹಳ ಚೆಂದದ ಕಾರಣವಿದೆ, ಮಗಳು ತಾನೇ ಲೆಕ್ಕ ಮಾಡಿ ನೋಡಬಹುದು. ಹಡಗು ಚಲಿಸುವಾಗ ತನ್ನದೇ ಅಲೆಯನ್ನು ಎಬ್ಬಿಸುತ್ತದೆ, ಆ ಅಲೆ ಹಡಗಿನ ವೇಗದಲ್ಲೇ ಜೊತೆಯಲ್ಲಿ ಸಾಗುತ್ತದೆ. ಅಲೆಯ ಉದ್ದ ಬೇಕೆಂದರೆ ವೇಗದ ವರ್ಗವನ್ನು 6.28ರಿಂದ ಗುಣಿಸಿ 9.81ರಿಂದ ಭಾಗಿಸಬೇಕು, ವೇಗ ಸೆಕೆಂಡಿಗೆ ಮೀಟರ್‌ನಲ್ಲಿರಲಿ. 16 ನಾಟ್ ಎಂದರೆ ಸೆಕೆಂಡಿಗೆ 8.23 ಮೀಟರ್, ಅಲೆಯ ಉದ್ದ 43 ಮೀಟರ್. 105 ಮೀಟರ್ ಹಡಗು ಅಂಥ ಎರಡು ಮೂರು ಏಣುಗಳ, ಅಂದರೆ ಅಲೆಯ ತುದಿಗಳ, ಮೇಲೆ ಆರಾಮವಾಗಿ ಮಲಗುತ್ತದೆ. 25 ನಾಟ್‌ನಲ್ಲಿ ಅಲೆಯ ಉದ್ದ 106 ಮೀಟರ್. ಹಡಗಿನ ಉದ್ದವೂ ಅಲೆಯ ಉದ್ದವೂ ಸರಿಸಮ. ಇದಕ್ಕಿಂತ ವೇಗ ಹೆಚ್ಚಿಸಿದರೆ ಹಿಂಬದಿಯ ಏಣು ಹಡಗನ್ನು ದಾಟಿ ಹಿಂದಕ್ಕೆ ಜಾರುತ್ತದೆ, ಹಿಂಬದಿ ತಗ್ಗಿಗೆ ಕುಸಿಯುತ್ತದೆ, ಮೂತಿ ಮೇಲೇಳುತ್ತದೆ. ಆಮೇಲೆ ಹಡಗು ತಾನೇ ಎಬ್ಬಿಸಿದ ದಿಬ್ಬವನ್ನು ಸದಾ ಹತ್ತುತ್ತಲೇ ಇರಬೇಕು. 30 ನಾಟ್ ಬೇಕೆಂದರೆ ಉದ್ದ ಹೆಚ್ಚಿಸಬೇಕು, ಇಲ್ಲವೇ ಗ್ಯಾಸ್ ಟರ್ಬೈನ್‌ನಂಥ ಭಾರಿ ಶಕ್ತಿ ತುಂಬಬೇಕು. ಯುದ್ಧನೌಕೆಗಳು ಎರಡನ್ನೂ ಮಾಡುತ್ತವೆ, ಅದರ ಬೆಲೆಯನ್ನು ಇಂಧನದಲ್ಲಿ ತೆರುತ್ತವೆ. ಗಸ್ತು ಹಡಗಿನ ವಿನ್ಯಾಸಕಾರರು ಆ ಗೆರೆಯ ಈಚೆಗೇ ನಿಂತು ಉಳಿಸಿದ್ದನ್ನು ದಿನಗಳಾಗಿ ಬದಲಿಸಿಕೊಂಡಿದ್ದಾರೆ. ನನಗೆ ಇದು ಸರಿಯಾದ ಆಯ್ಕೆ ಎಂದೇ ಅನಿಸುತ್ತದೆ.

ನಿಧಾನವಾಗಿ ಹೋಗುವುದಕ್ಕೂ ಒಂದು ಮಿತಿ ಇದೆ, ಅದನ್ನು ಪಟ್ಟಿಗಳು ಹೇಳುವುದಿಲ್ಲ. ಗಸ್ತಿನ ಬಹುಪಾಲು ಹೊತ್ತು 8–10 ನಾಟ್‌ನಲ್ಲಿ ಸುತ್ತುವುದರಲ್ಲೇ ಕಳೆಯುತ್ತದೆ. ದೊಡ್ಡ ಡೀಸೆಲ್ ಎಂಜಿನ್‌ಗೆ ಕಡಿಮೆ ಹೊರೆ ಆಗಿಬರುವುದಿಲ್ಲ. ಹೊರಬರುವ ಹೊಗೆಯ ಒತ್ತಡ ಸಾಲದೆ ಟರ್ಬೊಚಾರ್ಜರ್ ಸರಿಯಾಗಿ ತಿರುಗುವುದಿಲ್ಲ, ಗಾಳಿ ಕಡಿಮೆಯಾಗಿ ಡೀಸೆಲ್ ಪೂರ್ತಿ ಉರಿಯುವುದಿಲ್ಲ, ಮಸಿಯೂ ಅಂಟಂಟು ಎಣ್ಣೆಯೂ ಕವಾಟಗಳಲ್ಲಿ, ಹೊಗೆಕೊಳವೆಯಲ್ಲಿ ಕೂರುತ್ತವೆ. ವಾರಗಟ್ಟಲೆ ಹೀಗೆ ಓಡಿಸಿ, ಅವಸರದ ಕರೆ ಬಂದಾಗ ಒಮ್ಮೆಲೇ ಪೂರ್ತಿ ವೇಗ ಕೇಳಿದರೆ ಕಪ್ಪು ಹೊಗೆ, ಬಿಸಿಯೇರುವ ಸಿಲಿಂಡರ್, ಕೆಲವೊಮ್ಮೆ ಕೊಳವೆಯೊಳಗೇ ಬೆಂಕಿ. ಈ ಪೀಲ್‌ಸ್ಟಿಕ್ ಎಂಜಿನ್ ಹೆಸರಿನ ಕೊನೆಯಲ್ಲಿ ಬರುವ ಎಸ್‌ಟಿಸಿ ಎಂಬ ಮೂರಕ್ಷರ ಇದಕ್ಕೇ ಮದ್ದು. ಹೊರೆ ಕಡಿಮೆಯಿದ್ದಾಗ ಎರಡು ಟರ್ಬೊಚಾರ್ಜರ್‌ಗಳಲ್ಲಿ ಒಂದನ್ನು ಮುಚ್ಚಿ, ಹೊಗೆಯನ್ನೆಲ್ಲ ಇನ್ನೊಂದಕ್ಕೆ ಹರಿಸುವ ಏರ್ಪಾಡು ಅದು. ಅದರ ಜೊತೆಗೆ ಎರಡು ಎಂಜಿನ್‌ನಲ್ಲಿ ಒಂದನ್ನು ನಿಲ್ಲಿಸಿ ಒಂದಕ್ಕೇ ಹೊರೆ ಕೊಡುವುದು, ಆಗಾಗ ಕೆಲಹೊತ್ತು ಜೋರಾಗಿ ಓಡಿಸಿ ಮಸಿ ಸುಡುವುದು ಎಂಜಿನ್ ಕೋಣೆಯ ಮಾಮೂಲು ಅಭ್ಯಾಸ. ಪ್ರೊಪೆಲ್ಲರ್‌ಗಳ ಎಲೆಯ ಓರೆಯನ್ನು ಬದಲಿಸಲು ಬರುವುದರಿಂದ ಎಂಜಿನ್ ಹದವಾದ ಸುತ್ತಿನಲ್ಲಿ ಇರುವಾಗಲೇ ಹಡಗನ್ನು ನಿಧಾನಗೊಳಿಸಬಹುದು. ಇನ್ನೊಂದು ಶತ್ರು ಒಡಲಿಗೆ ಅಂಟುವ ಚಿಪ್ಪು, ಪಾಚಿ. ನಮ್ಮ ಬೆಚ್ಚನೆಯ ನೀರಿನಲ್ಲಿ ಬಂದರಿನಲ್ಲಿ ಸುಮ್ಮನೆ ನಿಂತ ಹಡಗಿಗೆ ಅವು ಬೇಗ ಹತ್ತುತ್ತವೆ, ಒಡಲು ಒರಟಾದಷ್ಟೂ ವೇಗ ಇಳಿಯುತ್ತದೆ, ಡೀಸೆಲ್ ಏರುತ್ತದೆ. ಹೊಸದಾಗಿ ಬಣ್ಣ ಬಳಿದು ಡಾಕ್‌ನಿಂದ ಇಳಿದ ದಿನದ ವ್ಯಾಪ್ತಿ ಮತ್ತು ಎರಡು ವರ್ಷದ ನಂತರದ ವ್ಯಾಪ್ತಿ ಒಂದೇ ಆಗಿರುವುದಿಲ್ಲ.

ಇಷ್ಟು ತಿಳಿದ ಮೇಲೆ 2025ರ ಪಯಣವನ್ನು ನೋಡಿ. ಏಪ್ರಿಲ್ 5ರಂದು ಕಾರವಾರದಲ್ಲಿ ರಕ್ಷಣಾ ಸಚಿವ ರಾಜನಾಥ್ ಸಿಂಗ್ ಹಡಗನ್ನು ಬೀಳ್ಕೊಟ್ಟರು. ಈ ಯಾನಕ್ಕೆ ಐಒಎಸ್ (ಇಂಡಿಯನ್ ಓಷನ್ ಶಿಪ್) ಸಾಗರ್ ಎಂದು ಹೆಸರು. ಕೊಮೊರೊಸ್, ಕೀನ್ಯಾ, ಮಡಗಾಸ್ಕರ್, ಮಾಲ್ಡೀವ್ಸ್, ಮಾರಿಷಸ್, ಮೊಜಾಂಬಿಕ್, ಸೆಶೆಲ್ಸ್, ಶ್ರೀಲಂಕಾ, ತಾಂಜಾನಿಯಾ ಹೀಗೆ ಒಂಬತ್ತು ದೇಶಗಳ 44 ನೌಕಾ ಸಿಬ್ಬಂದಿ ನಮ್ಮವರ ಜೊತೆ ಕೆಲಸ ಹಂಚಿಕೊಂಡು ಹೋದರು. ದಾರ್-ಎಸ್-ಸಲಾಮ್, ಮೊಜಾಂಬಿಕ್‌ನ ನಕಾಲಾ, ಪೋರ್ಟ್ ಲೂಯಿ, ಸೆಶೆಲ್ಸ್‌ನ ಪೋರ್ಟ್ ವಿಕ್ಟೋರಿಯಾ, ಮಾಲೆ ಮುಟ್ಟಿ ಮೇ 8ಕ್ಕೆ ಕೊಚ್ಚಿಗೆ ಮರಳಿತು.

ಕಾರವಾರದಿಂದ ದಾರ್-ಎಸ್-ಸಲಾಮ್‌ಗೆ ಗೋಳದ ಮೇಲೆ ಅಳೆದರೆ ಸುಮಾರು 2,450 ನಾಟಿಕಲ್ ಮೈಲಿ. ಹಡಗು ಅಲ್ಲಿ ತಲುಪಿದ್ದು ಏಪ್ರಿಲ್ 12ಕ್ಕೆ. ಏಳು ದಿನ, 168 ಗಂಟೆ; ಭಾಗಿಸಿದರೆ 14.6 ನಾಟ್. ಪಟ್ಟಿಯಲ್ಲಿ ಬರೆದ 16ರ ಹತ್ತಿರವೇ, ಸ್ವಲ್ಪ ಕಡಿಮೆ. ಈ ಒಂದು ಭಾಗಾಕಾರದಿಂದ ಎರಡು ವಿಷಯ ಒಟ್ಟಿಗೆ ಗೊತ್ತಾಗುತ್ತದೆ: ವರದಿಯ ದಿನಾಂಕಗಳು ನಂಬುವಂಥವು, ಹಡಗು ಅವಸರವಿಲ್ಲದೆ ಮಿತವ್ಯಯದ ವೇಗದಲ್ಲಿ ಹೋಗಿದೆ. ಮುಂದಿನ ತುಣುಕುಗಳನ್ನೂ ನಕ್ಷೆಯಲ್ಲಿ ಅಳೆದೆವು ಎನ್ನಿ. ನಕಾಲಾಕ್ಕೆ 470, ಮಡಗಾಸ್ಕರ್‌ನ ಉತ್ತರ ತುದಿ ಸುತ್ತಿ ಪೋರ್ಟ್ ಲೂಯಿಗೆ 1,200, ವಿಕ್ಟೋರಿಯಾಕ್ಕೆ 950, ಮಾಲೆಗೆ 1,200, ಕೊಚ್ಚಿಗೆ 380. ಒಟ್ಟು 6,650ರ ಹತ್ತಿರ. ಒಂದು ಟ್ಯಾಂಕಿನ 6,000 ಮೈಲಿಗಿಂತ ಹೆಚ್ಚು, ಹಾಗಾಗಿ ದಾರಿಯಲ್ಲಿ ಇಂಧನ ತುಂಬಿಸಲೇಬೇಕು. ಅದೇ ವೇಗಕ್ಕೆ 19 ದಿನದ ಪಯಣ, ಯಾನ ನಡೆದದ್ದು 33 ದಿನ. ಉಳಿದ ಎರಡು ವಾರ ಬಂದರಿನ ಕಾರ್ಯಕ್ರಮ, ದಾರ್-ಎಸ್-ಸಲಾಮ್‌ನಲ್ಲಿ ಆಫ್ರಿಕಾದ ನೌಕಾಪಡೆಗಳ ಜೊತೆಗಿನ ಸಮರಾಭ್ಯಾಸ, ಆತಿಥೇಯ ದೇಶಗಳ 200 ಮೈಲಿಯ ಆರ್ಥಿಕ ವಲಯದಲ್ಲಿ ಜಂಟಿ ಕಾವಲು. ಕಾವಲಿನಲ್ಲಿ ಹಡಗು ನೇರ ಸಾಗದೆ ಹಾವಿನಂತೆ ಸುತ್ತುವುದರಿಂದ ನಿಜವಾಗಿ ಸಾಗಿದ ದೂರ ಇನ್ನೂ ಹೆಚ್ಚು. ಏಪ್ರಿಲ್ ತಿಂಗಳನ್ನು ಆರಿಸಿದ್ದೂ ಒಳ್ಳೆಯದೇ ಆಯಿತು. ಆಗ ಅರಬ್ಬೀ ಸಮುದ್ರ ಶಾಂತವಾಗಿರುತ್ತದೆ. ಜೂನ್ 1ರಿಂದ ಎರಡು ತಿಂಗಳು ನಮ್ಮ ಕರಾವಳಿಯ ಟ್ರಾಲ್ ಬೋಟುಗಳು ದಡದಲ್ಲೇ ಇರುತ್ತವೆ. ಮೀನಿನ ಸಂತಾನದ ಕಾಲವೆಂದು ಆ ನಿಷೇಧ, ಆದರೆ ಅದೇ ಹೊತ್ತಿನ ಮುಂಗಾರಿನ ಅಲೆಗಳು ದೊಡ್ಡ ಹಡಗಿನ ವೇಗವನ್ನೂ ತಿನ್ನುತ್ತವೆ, ಹೆಲಿಕಾಪ್ಟರ್ ಇಳಿಸುವುದನ್ನು ಕಷ್ಟಮಾಡುತ್ತವೆ.

ಹೆಲಿಕಾಪ್ಟರ್ ಎಂದಾಗ ಬೆಂಗಳೂರು ಬರುತ್ತದೆ. ಹಿಂಬದಿಯ ಡೆಕ್‌ನಿಂದ ಹಾರುವುದು ಚೇತಕ್ ಇಲ್ಲವೇ ಧ್ರುವ್, ಎರಡೂ ಎಚ್‌ಎಎಲ್‌ನವು. 2025ರ ಜನವರಿ 5ರಂದು ಪೋರಬಂದರಿನಲ್ಲಿ ಕೋಸ್ಟ್ ಗಾರ್ಡಿನ ಧ್ರುವ್ ಬಿದ್ದ ಮೇಲೆ ಆ ಬಗೆಯವನ್ನೆಲ್ಲ ಹಾರಾಟದಿಂದ ನಿಲ್ಲಿಸಿದ್ದರು. ಹಾಗಾಗಿ ಪಟ್ಟಿಯಲ್ಲಿ ಏನೇ ಬರೆದಿರಲಿ, ಆ ಹೊತ್ತಿನ ಪಯಣದ ಬಗ್ಗೆ ಯೋಚಿಸುವಾಗ ಚೇತಕ್ ಎಂದೇ ತಿಳಿಯಬೇಕು. ಇದು ಹಡಗಿಗೆ ಅಲಂಕಾರವಲ್ಲ. ಲೆಕ್ಕಕ್ಕೆ ರೇಡಾರ್ 20 ಮೀಟರ್ ಎತ್ತರದಲ್ಲಿದೆ, ಎದುರಿನ ಸಣ್ಣ ದೋಣಿ ನೀರಿನಿಂದ ಒಂದು ಮೀಟರ್ ಮೇಲಿದೆ ಎಂದಿಟ್ಟುಕೊಳ್ಳಿ. ಭೂಮಿಯ ಬಾಗಿನಿಂದಾಗಿ 12 ನಾಟಿಕಲ್ ಮೈಲಿಯ ಆಚೆ ಅದು ಕಾಣುವುದೇ ಇಲ್ಲ, ರೇಡಾರ್ ಎಷ್ಟೇ ಬಲವಾಗಿರಲಿ. ಅದೇ ರೇಡಾರ್ 300 ಮೀಟರ್ ಮೇಲೆ ಹಾರುವ ಹೆಲಿಕಾಪ್ಟರಿನಲ್ಲಿದ್ದರೆ 40 ಮೈಲಿ. ಕಾಣುವ ವೃತ್ತದ ವಿಸ್ತೀರ್ಣ ಹತ್ತು ಪಟ್ಟಿಗಿಂತ ಹೆಚ್ಚಾಯಿತು.

ಕ್ಷಿಪಣಿ ಏಕಿಲ್ಲ? ಈ ಹಡಗಿನಲ್ಲಿ ಮುಂದುಗಡೆ ಒಂದು 76 ಮಿ.ಮೀ. ತೋಪಿದೆ, ಇಟಲಿಯ ವಿನ್ಯಾಸ, ಹರಿದ್ವಾರದ ಬಿಎಚ್‌ಇಎಲ್ ತಯಾರಿಕೆ. ನಿಮಿಷಕ್ಕೆ 120 ಗುಂಡು ಹಾರಿಸಬಲ್ಲದು. ಪಕ್ಕಗಳಲ್ಲಿ ಆರು ನಳಿಗೆಯ ಎರಡು ಎಕೆ-630 ತೋಪುಗಳು. ಇಷ್ಟೇ, ಮತ್ತು ಅದರ ಕೆಲಸಕ್ಕೆ ಇಷ್ಟು ಸಾಕು. ಎದುರಾಗುವುದು ಬಹುತೇಕ ಧೋ ಎಂಬ ಮರದ ಸರಕು ಹಡಗು, ಮೀನುಗಾರಿಕೆ ಹಡಗು, ಫೈಬರ್ ದೋಣಿ. ಒಳಗೆ ಒತ್ತೆಯಾಳುಗಳಿರುತ್ತಾರೆ, ಮುಳುಗಿಸುವ ಮಾತೇ ಇಲ್ಲ. ಅಂಥಲ್ಲಿ ಕ್ಷಿಪಣಿ ಎಂದರೆ ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ. ಕ್ಷಿಪಣಿ ಬಂದರೆ ಅದರ ಹಿಂದೆ ಇನ್ನಷ್ಟು ರೇಡಾರ್, ತಂಪುಗೊಳಿಸುವ ಯಂತ್ರ, ತಂತ್ರಜ್ಞರು, ಅವರಿಗೆ ಮಲಗಲು ಜಾಗ ಎಲ್ಲ ಬರುತ್ತವೆ. ಅಷ್ಟೂ ಜಾಗವನ್ನು ಇಂಧನ, ನೀರು, ಆಹಾರದಿಂದಲೇ ಕಡಿಯಬೇಕು.

ನಡೆಯುವ ಕ್ರಮ ಹೀಗಿರುತ್ತದೆ. ಅಪಹರಣದ ಕರೆ ಬರುತ್ತದೆ. ಹೆಲಿಕಾಪ್ಟರ್ ಮೊದಲು ಹೋಗಿ ಹಡಗನ್ನು ಗುರುತಿಸಿ ಡೆಕ್ ಮೇಲೆ ಎಷ್ಟು ಜನ, ಏನು ಆಯುಧ ಎಂದು ನೋಡುತ್ತದೆ. ಎಲ್ಲ ಹಡಗುಗಳೂ ಕೇಳುವ ವಿಎಚ್‌ಎಫ್ ರೇಡಿಯೊದ 16ನೇ ಚಾನಲ್‌ನಲ್ಲಿ ಶರಣಾಗಲು ಹೇಳುತ್ತಾರೆ. ಗಸ್ತು ಹಡಗು ಹತ್ತಿರವೇ ಜೊತೆಜೊತೆಯಾಗಿ ಸಾಗುತ್ತ ಒತ್ತಡ ಹೇರುತ್ತದೆ, ಅಗತ್ಯವಿದ್ದರೆ ಮೂತಿಯ ಮುಂದೆ ನೀರಿಗೆ ಎಚ್ಚರಿಕೆಯ ಗುಂಡು. ಕೊನೆಗೆ ರಬ್ಬರ್ ಅಂಚಿನ ವೇಗದ ದೋಣಿಗಳಲ್ಲಿ ತಂಡ ಹೋಗಿ ಹತ್ತುತ್ತದೆ, ಹಡಗಿನ ಮೂಲೆಮೂಲೆ ಶೋಧಿಸುತ್ತದೆ, ಸಿಬ್ಬಂದಿಯ ಆರೋಗ್ಯ ತಪಾಸಣೆ ಮಾಡುತ್ತದೆ. 2024ರ ಜನವರಿ 28–29ರಲ್ಲಿ ಸುಮಿತ್ರಾ ಇದೇ ರೀತಿ ಎರಡು ಮೀನುಗಾರಿಕೆ ಹಡಗುಗಳನ್ನು ಕಡಲ್ಗಳ್ಳರಿಂದ ಬಿಡಿಸಿತು: ಇಮಾನ್‌ನಿಂದ 17 ಜನ, ಅಲ್ ನಯೀಮಿಯಿಂದ 19 ಮಂದಿ ಪಾಕಿಸ್ತಾನಿ ಮೀನುಗಾರರು. ಕೊಚ್ಚಿಯಿಂದ ಪಶ್ಚಿಮಕ್ಕೆ ಸುಮಾರು 850 ನಾಟಿಕಲ್ ಮೈಲಿ ದೂರದಲ್ಲಿ. ಆ ದೂರಕ್ಕೆ ಕೊಚ್ಚಿಯಿಂದ ಹೊರಟಿದ್ದರೆ ಪೂರ್ತಿ ವೇಗದಲ್ಲೂ 34 ಗಂಟೆ, ಮಿತವೇಗದಲ್ಲಿ 53 ಗಂಟೆ. ಎರಡೂ ಕೆಲಸ 36 ಗಂಟೆಯೊಳಗೆ ಮುಗಿದದ್ದು ಹಡಗು ಮೊದಲೇ ಅಲ್ಲಿ ಗಸ್ತಿನಲ್ಲಿದ್ದುದರಿಂದ. ವೇಗ ಕೊಡಲಾರದ್ದನ್ನು ವ್ಯಾಪ್ತಿ ಕೊಟ್ಟಿತು. ಅದೇ ವರ್ಷ ಮಾರ್ಚ್ 29ರಂದು ಸುಮೇಧಾ, ನಂತರ ಬಂದು ಸೇರಿದ ತ್ರಿಶೂಲ್ ಎಂಬ ಯುದ್ಧನೌಕೆಯ ಜೊತೆ, ಅಲ್-ಕಂಬರ್ ಹಡಗಿನ 23 ಜನರನ್ನು ಹನ್ನೆರಡು ಗಂಟೆಗೂ ಹೆಚ್ಚು ಕಾಲದ ಕಾರ್ಯಾಚರಣೆಯಲ್ಲಿ ಬಿಡಿಸಿತು.

ಇದೇ ವರ್ಗದ ಹಡಗುಗಳು ಜನರನ್ನು ಕರೆತರುವುದಕ್ಕೂ ಒದಗಿವೆ. 2015ರಲ್ಲಿ ಯೆಮೆನ್‌ನ ಏಡನ್‌ನಿಂದ ಸುಮಿತ್ರಾ ಮೊದಲ ಬಾರಿಗೆ 349 ಜನರನ್ನು ಜಿಬೂಟಿಗೆ ತಂದಿತು, ಹಡಗಿನ ಸ್ವಂತ ಸಿಬ್ಬಂದಿಯ ಮೂರು ಪಟ್ಟು. ದೂರ 130 ಮೈಲಿ ಇದ್ದುದರಿಂದ, ಒಂದು ರಾತ್ರಿಯ ಮಾತಾದ್ದರಿಂದ ಅದು ಸಾಧ್ಯವಾಯಿತು. ಅಷ್ಟು ಜನರಿಗೆ ವಾರಗಟ್ಟಲೆ ನೀರು, ಶೌಚದ ಏರ್ಪಾಡು ಇಂಥ ಹಡಗಿನಲ್ಲಿಲ್ಲ. 2023ರ ಏಪ್ರಿಲ್‌ನಲ್ಲಿ ಸುಡಾನ್‌ನಲ್ಲಿ ನಮ್ಮ ಹಕ್ಕಿಪಿಕ್ಕಿ ಜನ ಸಿಲುಕಿದ್ದ ಸುದ್ದಿ ನಿಮಗೆ ನೆನಪಿರಬಹುದು. ಆಗ ಪೋರ್ಟ್ ಸುಡಾನ್‌ನಿಂದ ಜೆಡ್ಡಾಕ್ಕೆ ಮೊದಲ ತಂಡದ 278 ಭಾರತೀಯರನ್ನು ದಾಟಿಸಿದ್ದು ಸುಮೇಧಾ.

ಮಿತಿಯೂ ಸ್ಪಷ್ಟವಾಗಿರಲಿ. ಡ್ರೋನ್, ಹಡಗುನಾಶಕ ಕ್ಷಿಪಣಿ ಹಾರುವ ಕಡೆ ಈ ಹಡಗನ್ನು ಒಂಟಿಯಾಗಿ ಕಳಿಸುವುದು ಅಪಾಯ, ಎಕೆ-630 ತೀರ ಹತ್ತಿರದ ಕೊನೆಯ ಕಾವಲು ಅಷ್ಟೆ. 2023ರ ಡಿಸೆಂಬರ್ 23ರಂದು ಕೆಮ್ ಪ್ಲೂಟೊ ಎಂಬ ವ್ಯಾಪಾರಿ ಹಡಗಿನ ಮೇಲೆ ಡ್ರೋನ್ ಬಿದ್ದಾಗ ನೌಕಾಪಡೆ ಅರಬ್ಬೀ ಸಮುದ್ರಕ್ಕೆ ಮೊರ್ಮುಗಾವ್, ಕೊಚ್ಚಿ, ಕೋಲ್ಕತಾ ಎಂಬ ವಿಧ್ವಂಸಕ ನೌಕೆಗಳನ್ನು ಇಳಿಸಿದ್ದು ಅದಕ್ಕೇ.

ಇನ್ನು ಆ್ಯಪ್‌ನ ವಿಚಾರ. ಅದು ತೋರಿಸುವ ಚುಕ್ಕೆಯ ಮೂಲ ಎಐಎಸ್ ಎಂಬ ರೇಡಿಯೊ ಯಂತ್ರ. ಹಡಗು ತನ್ನ ಹೆಸರು, ಒಂಬತ್ತು ಅಂಕಿಯ ಗುರುತು, ಜಾಗ, ವೇಗವನ್ನು ಚಲಿಸುವಾಗ 2ರಿಂದ 10 ಸೆಕೆಂಡಿಗೊಮ್ಮೆ, ಲಂಗರು ಹಾಕಿದಾಗ 3 ನಿಮಿಷಕ್ಕೊಮ್ಮೆ ಸಾರುತ್ತದೆ. ಭಾರತದ ಹಡಗುಗಳ ಗುರುತು 419ರಿಂದ ಶುರು. ವ್ಯಾಪಾರಿ ಹಡಗುಗಳಿಗೆ ಇದು ಕಡ್ಡಾಯ, ಯುದ್ಧನೌಕೆಗಳಿಗೆ ವಿನಾಯಿತಿ ಇದೆ. ಅವು ದಟ್ಟಣೆಯ ಬಂದರಿನಲ್ಲಿ ಡಿಕ್ಕಿ ತಪ್ಪಿಸಲು ಹಾಕಿಕೊಂಡು, ಹೊರಗೆ ಹೋದಮೇಲೆ ಆರಿಸುತ್ತವೆ. ಆ್ಯಪ್ ಮಾತ್ರ ಕೊನೆಯದಾಗಿ ಕೇಳಿದ ಜಾಗದಲ್ಲೇ ಚುಕ್ಕೆಯನ್ನು ಬಿಟ್ಟಿರುತ್ತದೆ. ನೀವು ಕಂಡ ಕೊಚ್ಚಿಯ ಚುಕ್ಕೆ ಹಡಗು ನಿಂತದ್ದರ ಗುರುತಲ್ಲ, ಮೌನವಾದದ್ದರ ಗುರುತು. ಚುಕ್ಕೆಯನ್ನು ಒತ್ತಿದರೆ ಕೊನೆಯ ಸಂಕೇತ ಸಿಕ್ಕ ಸಮಯ ತೋರಿಸುತ್ತದೆ, ಮೊದಲು ಅದನ್ನು ನೋಡಿ. ಒಂದು ದಿನಕ್ಕಿಂತ ಹಳೆಯದಾದರೆ ಆ ಚುಕ್ಕೆಯನ್ನು ಮರೆತುಬಿಡಿ.

ಚುಕ್ಕೆ ಚಲಿಸುತ್ತಿದ್ದರೂ ಪೂರ್ತಿ ನಂಬುವಂತಿಲ್ಲ, ಸಂಕೇತವನ್ನು ಯಾರು ಬೇಕಾದರೂ ನಕಲಿ ಮಾಡಬಹುದು. 2021ರ ಜೂನ್‌ನಲ್ಲಿ ಬ್ರಿಟನ್‌ನ ಯುದ್ಧನೌಕೆ ಎಚ್‌ಎಂಎಸ್ ಡಿಫೆಂಡರ್ ಉಕ್ರೇನಿನ ಒಡೆಸಾ ಬಂದರಿನಲ್ಲಿ ಕಟ್ಟಿಹಾಕಿದ್ದು ವೆಬ್‌ಕ್ಯಾಮೆರಾದಲ್ಲಿ ನೇರವಾಗಿ ಕಾಣುತ್ತಿತ್ತು, ಅದೇ ಹೊತ್ತಿಗೆ ಎಐಎಸ್ ನಕ್ಷೆಯಲ್ಲಿ ಅದು ರಷ್ಯಾದ ನೌಕಾನೆಲೆಯಿರುವ ಸೆವಾಸ್ಟೊಪೋಲ್ ಕಡೆ ಹೋಗುತ್ತಿತ್ತು. ಇನ್ನು, ಎಸ್‌ಪಿ ರೋಡಿನಲ್ಲಿ ಸಿಗುವ, ಕಂಪ್ಯೂಟರಿಗೆ ಚುಚ್ಚಿ ರೇಡಿಯೊ ಸಂಕೇತ ಹಿಡಿಯುವ ಎಸ್‌ಡಿಆರ್ ಡಾಂಗಲ್ ತಂದು ಮನೆಯ ತಾರಸಿಯಿಂದ ಕೇಳುತ್ತೇವೆ ಎಂದು ಕೆಲವರು ಹೊರಡುತ್ತಾರೆ. ಆ ಹಣ ಉಳಿಸಿ. ಈ ಸಂಕೇತ 162 ಮೆಗಾಹರ್ಟ್ಸ್ ಆಸುಪಾಸಿನ ವಿಎಚ್‌ಎಫ್, ನೇರ ದೃಷ್ಟಿಯಲ್ಲೇ ಸಾಗಬೇಕು. ಬೆಂಗಳೂರು 900 ಮೀಟರ್ ಎತ್ತರದಲ್ಲಿದ್ದರೂ ಅದರ ಕೇಳುವ ಅಂಚು 140 ಕಿ.ಮೀ. ಮೀರದು, ಕಡಲು ಅದರ ಎರಡು ಪಟ್ಟು ದೂರ, ನಡುವೆ ಘಟ್ಟ ಬೇರೆ.

ಚಲನವಲನ ತಿಳಿಯಲು ನಾನು ಹೇಳುವ ದಾರಿ ನಿಧಾನದ್ದು. ರಕ್ಷಣಾ ಸಚಿವಾಲಯ ಕೇಂದ್ರದ ಪತ್ರಿಕಾ ಮಾಹಿತಿ ಕಚೇರಿಯಾದ ಪಿಐಬಿಯಲ್ಲಿ ಹಾಕುವ ಪ್ರಕಟಣೆಗಳಿಂದ ಹೊರಟ, ತಲುಪಿದ ದಿನಾಂಕ ಬರೆದುಕೊಳ್ಳಿ. ಗೋಳದ ಮೇಲೆ ದಾರ ಇಟ್ಟು ಅಳೆಯಿರಿ. ಉತ್ತರ-ದಕ್ಷಿಣವಾಗಿ ಒಂದು ಅಕ್ಷಾಂಶ ಎಂದರೆ 60 ನಾಟಿಕಲ್ ಮೈಲಿ, ಅದನ್ನೇ ಅಳತೆಕೋಲು ಮಾಡಿಕೊಳ್ಳಿ. ದೂರವನ್ನು ಗಂಟೆಗಳಿಂದ ಭಾಗಿಸಿ. 12ರಿಂದ 17 ನಾಟ್ ಬಂದರೆ ಸರಿ. 22ಕ್ಕಿಂತ ಹೆಚ್ಚು ಬಂದರೆ ದಿನಾಂಕ ತಪ್ಪಿದೆ ಅಥವಾ ಹಡಗನ್ನು ತುರ್ತಾಗಿ ಓಡಿಸಿದ್ದಾರೆ. ತೀರ ಕಡಿಮೆ ಬಂದರೆ ನಡುವೆ ಗಸ್ತಿನ ಕೆಲಸವಿತ್ತು. ಫೋಟೋ ಇದ್ದರೆ ಸಂಖ್ಯೆ ತಾಳೆ ನೋಡಿ. ಹಳೆಯ ಫೋಟೋವನ್ನು ಹೊಸ ಸುದ್ದಿಗೆ ಅಂಟಿಸುವುದು ಬಹಳ ನಡೆಯುತ್ತದೆ.

ಮಾಡಬಾರದ್ದನ್ನೂ ಹೇಳಿಬಿಡುತ್ತೇನೆ, ಏಕೆಂದರೆ ನಮ್ಮ ರಾಜ್ಯದ ಎಷ್ಟೋ ಮನೆಗಳ ಮಕ್ಕಳು ಈ ಹಡಗುಗಳ ಮೇಲಿದ್ದಾರೆ. ‘ನಾಳೆ ಹೊರಡುತ್ತೇವೆ’ ಎಂದು ಮಗ ಅಮ್ಮನಿಗೆ ಹೇಳಿದ ಮಾತು ಕುಟುಂಬದ ವಾಟ್ಸ್‌ಆ್ಯಪ್ ಗುಂಪು ದಾಟಬಾರದು. ಮುಗಿದ ಪಯಣದ ಲೆಕ್ಕ ಎಷ್ಟು ಬೇಕಾದರೂ ಹಾಕಿ, ಮುಂದಿನ ಪಯಣದ ಸಮಯ ಮಾತ್ರ ಬರೆಯಬೇಡಿ. ಕಾರವಾರದ ಹೆದ್ದಾರಿಯಿಂದ ನೌಕಾನೆಲೆಯ ಕಡೆ ಮೊಬೈಲ್ ಹಿಡಿಯುವುದೂ ಬೇಡ, ಅದು ನಿಷಿದ್ಧ ಪ್ರದೇಶ. 2019ರ ಡಿಸೆಂಬರ್‌ನಲ್ಲಿ ನೌಕಾಪಡೆ ತನ್ನ ನೆಲೆಗಳಲ್ಲೂ ಹಡಗುಗಳಲ್ಲೂ ಸ್ಮಾರ್ಟ್‌ಫೋನ್ ನಿಷೇಧಿಸಿದ್ದು ಇಂಥ ಸಣ್ಣ ಸಣ್ಣ ಮಾಹಿತಿ ಸೋರಿದ್ದರಿಂದಲೇ.

ಮಗಳಿಗೆ ಮುಂದಿನ ಅಭ್ಯಾಸಕ್ಕೆ ಹೊಸ ತಲೆಮಾರಿನ ಗಸ್ತು ಹಡಗುಗಳಿವೆ. 2023ರ ಮಾರ್ಚ್ 30ರಂದು 9,781 ಕೋಟಿ ರೂಪಾಯಿಗೆ 11 ಹಡಗುಗಳ ಒಪ್ಪಂದವಾಯಿತು, ಏಳು ಗೋವಾದಲ್ಲಿ, ನಾಲ್ಕು ಕೋಲ್ಕತಾದ ಗಾರ್ಡನ್ ರೀಚ್‌ನಲ್ಲಿ. ಅವುಗಳ ತೋಪಿಗೆ ಗುರಿ ತೋರಿಸುವ ಲಿಂಕ್ಸ್-ಯು2 ವ್ಯವಸ್ಥೆ ಬೆಂಗಳೂರಿನ ಬಿಇಎಲ್‌ನದು: 13 ಘಟಕ, 1,700 ಕೋಟಿಗೂ ಹೆಚ್ಚು. ಓಲಾಡುವ ಡೆಕ್ ಮೇಲಿಂದ, ಅಲೆಗಳ ಗಲಿಬಿಲಿಯ ನಡುವೆ, ಚಲಿಸುವ ಗುರಿಯನ್ನು ಹಿಡಿದು ತೋಪನ್ನು ತಿರುಗಿಸುವುದು ಅದರ ಕೆಲಸ. ಆ ಹಡಗುಗಳ ಪಟ್ಟಿ ಕೈಗೆ ಬಂದಾಗ ವ್ಯಾಪ್ತಿಯ ಸಾಲಿನ ಪಕ್ಕ ಎಷ್ಟು ನಾಟ್ ಎಂದು ಬರೆದಿದೆಯೇ ಎಂದು ಮೊದಲು ನೋಡಲಿ. ಬರೆದಿದ್ದರೆ ಅಲೆಯ ಉದ್ದದ ಲೆಕ್ಕದಿಂದ ಶುರುಮಾಡಲಿ.